ಹೊತ್ತು ಮುಳುಗುವ ಮುಂಚಿನ ನೀರು

ನಮ್ಮ ಶಾಲೆಯಲ್ಲಿ ನೀರಿನ ಗಂಟೆ ಹೊಡೆಸುವವಳು ನಾನೇ. ಬಿಸಿಲು ಶುರುವಾದರೆ ದಿನಕ್ಕೆ ಮೂರು ಸಲ. ಗಂಟೆಯಾದ ಕೂಡಲೇ ಮಕ್ಕಳು ಬರೆಯುವುದನ್ನು ಬಿಟ್ಟು ಬಾಟಲಿ ತೆಗೆದು ನೀರು ಕುಡಿಯಬೇಕು. ಕುಡಿದಂತೆ ಮಾಡಿ ಬಾಟಲಿ ಇಳಿಸುವ ಕಳ್ಳರು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಇರುತ್ತಾರೆ. ಅವರನ್ನು ಕೊನೆಯ ಸಾಲಿನವರೆಗೂ ಹೋಗಿ ಹಿಡಿಯುತ್ತೇನೆ. ಗಂಟಲು ಅಲುಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ನನಗೆ ಸಮಾಧಾನ. ನನ್ನ ಬೆನ್ನ ಹಿಂದೆ ಅವರು ನನ್ನನ್ನು 'ನೀರಿನ ಅಕ್ಕೋರು' ಅನ್ನುತ್ತಾರೆಂದು ಗೊತ್ತು. ಅನ್ನಲಿ ಬಿಡಿ, ಕುಡಿದರೆ ಸಾಕು.

ಅಂಥ ನನಗೆ ನನ್ನ ಮನೆಯಲ್ಲೇ ಒಬ್ಬರು ಕೈಗೆ ಸಿಗುತ್ತಿರಲಿಲ್ಲ. ನನ್ನ ಅತ್ತೆ. ಮನೆಯಲ್ಲಿ ಎಲ್ಲರೂ ಅವರನ್ನು ಆಯಿ ಎನ್ನುತ್ತಾರೆ, ನಾನೂ ಮದುವೆಯಾಗಿ ಬಂದ ದಿನದಿಂದ ಹಾಗೇ ಕರೆಯುತ್ತೇನೆ. ಎಪ್ಪತ್ತರ ಹತ್ತಿರದ ಹೆಂಗಸು, ಕಡ್ಡಿಯಂಥ ಮೈ, ಆದರೆ ಹಿಡಿದದ್ದನ್ನು ಬಿಡುವ ಪೈಕಿಯಲ್ಲ. ಮಾವ ತೀರಿಕೊಂಡ ವರ್ಷ ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಎದುರು ರಾತ್ರಿ ನೀರು ಬಿಡುವ ನೇಮ ಹಿಡಿದರು. ಜೈನರ ಮನೆಗಳಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು ಹೊಸದಲ್ಲ, ನನ್ನ ತವರೂರು ಭೋಜದಲ್ಲೂ ಹಿರಿಯರೆಲ್ಲ ಹಾಗೇ. ಆದರೆ ಆಯಿಯ ನೇಮದಲ್ಲಿ ನೀರೂ ಸೇರಿತ್ತು. ಸೂರ್ಯ ಇಳಿದ ಮೇಲೆ, ಮಾರನೆಯ ದಿನ ಅವನು ಹುಟ್ಟಿ ಎರಡು ಗಳಿಗೆ, ಅಂದರೆ ಸುಮಾರು ಮುಕ್ಕಾಲು ಗಂಟೆ, ಕಳೆಯುವವರೆಗೆ, ಒಂದು ಹನಿಯೂ ಇಲ್ಲ.

ಅದಕ್ಕೂ ನಾನು ಒಗ್ಗಿಕೊಂಡಿದ್ದೆ. ಆದರೆ ಹೋದ ವರ್ಷದ ಬೇಸಿಗೆಯಲ್ಲಿ ಅವರಿಗೆ ಉರಿಮೂತ್ರವಾಗಿ, ಜ್ವರ ಏರಿ, ಅಥಣಿಯ ಒಂದು ದವಾಖಾನೆಯಲ್ಲಿ ಮೂರು ದಿನ ಮಲಗಬೇಕಾಯಿತು. ಮನೆಗೆ ಕಳಿಸುವಾಗ ಅಲ್ಲಿಯ ಡಾಕ್ಟರು ಒಂದು ಮಾತು ಹೇಳಿದರು: ನೀರು ಸಾಲದು, ದಿನಕ್ಕೆ ಎರಡೂವರೆ ಮೂರು ಲೀಟರ್ ಹೊಟ್ಟೆಗೆ ಹೋಗಬೇಕು. ಅವರು ದಿನಕ್ಕೆ ಅಂದಿದ್ದರು. ನನ್ನ ತಲೆಯಲ್ಲಿ ಉಳಿದದ್ದು ಮೂರು ಲೀಟರ್ ಎನ್ನುವುದಷ್ಟೇ.

ಬಿಸಿ ಹಾಲಿಗೆ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನನ್ನ ಸ್ಥಿತಿ ಅದಕ್ಕಿಂತ ಕಡೆಯಾಯಿತು. ಆಯಿಯ ತುಟಿ ಒಣಗಿದೆಯೇ, ನಾಲಿಗೆ ಬಿಳಿಯಾಗಿದೆಯೇ, ಬಚ್ಚಲಿಗೆ ಎಷ್ಟು ಸಲ ಹೋದರು, ಇದೇ ನನ್ನ ಧ್ಯಾನ. ಮಾತಾಡುವ ನೆಪದಲ್ಲಿ ಅವರ ಮುಂಗೈಯ ಚರ್ಮವನ್ನು ಚಿವುಟಿ, ಅದು ಎಷ್ಟು ಹೊತ್ತಿಗೆ ಕೆಳಗಿಳಿಯುತ್ತದೆಂದು ನೋಡುತ್ತಿದ್ದೆ. ಎಪ್ಪತ್ತರ ಚರ್ಮ ಬೇಗ ಇಳಿಯುವುದುಂಟೇ? ಇಳಿಯದಿದ್ದರೆ ಇನ್ನೊಮ್ಮೆ ಚಿವುಟಿ ನೋಡುತ್ತಿದ್ದೆ.

ಹಗಲೆಲ್ಲ ಅವರು ಯಾಕೆ ಕುಡಿಯುವುದಿಲ್ಲ ಎಂದು ನೀವು ಕೇಳಬಹುದು. ನಾನೂ ನೂರು ಸಲ ಕೇಳಿದ್ದೇನೆ. ಅವರು ಕುಡಿಯುವುದು ಅರಿವೆಯಲ್ಲಿ ಸೋಸಿ, ಮನೆಯ ಒಲೆಯ ಮೇಲೆ ಕುದಿಸಿ ಆರಿಸಿದ ನೀರನ್ನು ಮಾತ್ರ. ಬೆಳಿಗ್ಗೆ ಬಸದಿಗೆ ಹೋಗಿ ಬಂದು, ನೀರು ಕುದಿಸಿ, ಒಂದು ಗ್ಲಾಸು ಕುಡಿದು ತೋಟಕ್ಕೆ ಹೊರಟುಬಿಡುತ್ತಾರೆ. ನಮ್ಮದು ದ್ರಾಕ್ಷಿ ತೋಟ. ಫೆಬ್ರುವರಿ, ಮಾರ್ಚ್ ಬಂತೆಂದರೆ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಹಗಲಿಡೀ ಕೆಲಸ. ಆಳುಗಳ ಜೊತೆ ಕೂತು ಗೊಂಚಲು ಬಿಡಿಸಿ ಆರಿಸುವುದು ಆಯಿಗೆ ಹಬ್ಬವಿದ್ದಂತೆ. ಅಲ್ಲಿಯ ಕೊಡದ ನೀರು ನಡೆಯುವುದಿಲ್ಲ, ಮನೆಯಿಂದ ಬಾಟಲಿಯಲ್ಲಿ ತುಂಬಿ ಕೊಟ್ಟರೆ ಪ್ಲಾಸ್ಟಿಕ್ಕಿನ ವಾಸನೆ ಅನ್ನುತ್ತಾರೆ, ಸ್ಟೀಲಿನದು ಕೊಟ್ಟರೆ ಮರೆತುಬರುತ್ತಾರೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಅವರು ಹೇಳುತ್ತಿರಲಿಲ್ಲ. ಶೆಡ್ಡಿನ ಸುತ್ತ ಗಂಡಾಳುಗಳು ಓಡಾಡುತ್ತಾರೆ, ಕುಡಿದರೆ ಹೊರಗೆ ಹೋಗಬೇಕಲ್ಲ.

ಹಾಗಾಗಿ ನನ್ನ ಪಾಲಿಗೆ ಉಳಿದದ್ದು ಸಂಜೆ. ಮಂಗಸೂಳಿಯ ಆಚೆಗಿರುವ ಶಾಲೆಯಿಂದ ಸ್ಕೂಟಿಯಲ್ಲಿ ಕಾಗವಾಡದ ಮನೆ ಮುಟ್ಟುವಷ್ಟರಲ್ಲಿ ಐದು ಗಂಟೆ ದಾಟಿರುತ್ತಿತ್ತು. ಆಯಿ ತೋಟದಿಂದ ಬಂದು ಕೈಕಾಲು ತೊಳೆದು ಪಡಸಾಲೆಯಲ್ಲಿ ಕೂರುವಾಗ ಐದೂವರೆ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಸೂರ್ಯಾಸ್ತ ಆರೂವರೆಗೋ, ಅದಕ್ಕೆ ನಾಲ್ಕು ನಿಮಿಷ ಹೆಚ್ಚೋ. ಅಂದರೆ ನನ್ನ ಕೈಯಲ್ಲಿ ಒಂದು ಗಂಟೆ. ಮೊಬೈಲಿನಲ್ಲಿ ಸೂರ್ಯಾಸ್ತಕ್ಕೆ ಕಾಲು ಗಂಟೆ ಮೊದಲು ಅಲಾರಾಂ ಇಟ್ಟಿದ್ದೆ. ಮುಕ್ಕಾಲು ಲೀಟರ್ ಹಿಡಿಯುವ ಹಿತ್ತಾಳೆಯ ತಂಬಿಗೆ ತುಂಬಿ ಅವರ ಮುಂದೆ ಇಟ್ಟು, ಎದುರಿಗೇ ಕುಕ್ಕರಗಾಲಲ್ಲಿ ಕೂರುತ್ತಿದ್ದೆ. ಮೊದಮೊದಲು ಒಂದು ತಂಬಿಗೆ. ಆಮೇಲೆ ಎರಡು. ಬಿಸಿಲು ಏರಿದಂತೆ ಮೂರು. ಆಯಿ ವಾದ ಮಾಡುತ್ತಿರಲಿಲ್ಲ. ನನ್ನ ಮುಖ ನೋಡಿ, ತಂಬಿಗೆ ಎತ್ತಿ, ಗಟಗಟ ಕುಡಿದು ಕೆಳಗಿಡುತ್ತಿದ್ದರು. ಹಟದ ಹೆಂಗಸು ಇಷ್ಟು ಮೆತ್ತಗಾಗಿದ್ದಕ್ಕೆ ನಾನು ಒಳಗೊಳಗೇ ಬೀಗುತ್ತಿದ್ದೆ. ಶಾಲೆಯ ಕಳ್ಳರಿಗಿಂತ ಇವರೇ ಮೇಲು ಅಂದುಕೊಂಡೆ.

ನಮ್ಮ ಮನೆಯವರು ಒಂದು ಸಂಜೆ ಇದನ್ನು ನಿಂತು ನೋಡಿ, ಎಮ್ಮೆಗೂ ಇಷ್ಟು ಕುಡಿಸುವುದಿಲ್ಲ, ಸ್ವಲ್ಪ ತಡೆದು ಕೊಡು ಎಂದರು. ನಾನು ಹರಿಹಾಯ್ದೆ. ನಿಮ್ಮ ತಾಯಿಗೆ ಹೋದ ವರ್ಷ ಹಾಗಾದಾಗ ದವಾಖಾನೆಯಲ್ಲಿ ಕೂತವಳು ನಾನು, ನೀವು ಔಷಧಿ ಹೊಡೆಯುತ್ತ ತೋಟದಲ್ಲಿದ್ದಿರಿ ಎಂದೆ. ಅವರು ಹೆಗಲ ಮೇಲಿನ ಟವೆಲ್ಲು ಕೊಡವಿ ಹೊರಗೆ ನಡೆದರು. ಆಯಿ ನಮ್ಮಿಬ್ಬರನ್ನೂ ನೋಡಿ ಉಳಿದ ನೀರನ್ನು ಮುಗಿಸಿದರು.

ಈ ವರ್ಷ ಫಾಲ್ಗುಣದ ಅಷ್ಟಾಹ್ನಿಕ ಬಂತು. ಹುಣ್ಣಿಮೆಯವರೆಗೆ ಎಂಟು ದಿನದ ಪರ್ವ ಅದು. ಆಯಿ ಎಂಟೂ ದಿನ ಮಧ್ಯಾಹ್ನ ಒಂದೇ ಊಟ, ಅದೂ ಉಪ್ಪಿಲ್ಲದ್ದು, ಎಂದು ನೇಮ ಮಾಡಿದರು. ನೀರಿಗೆ ಮಾತ್ರ ಹೊತ್ತು ಮುಳುಗುವವರೆಗೆ ಅಡ್ಡಿಯಿರಲಿಲ್ಲ. ಹೊರಗೆ ಬಿಸಿಲು ಕೆಂಡ. ಒಂದೇ ಊಟದ ಮೇಲೆ ಈ ಜೀವ ಶೆಡ್ಡಿಗೆ ಬೇರೆ ಹೋಗುತ್ತಿತ್ತು. ಊಟ ಕಡಿಮೆಯಾದರೆ ನೀರಾದರೂ ಹೆಚ್ಚು ಹೋಗಲಿ ಎಂದು ತಂಬಿಗೆ ನಾಲ್ಕಕ್ಕೆ ಏರಿಸಿದೆ. ಒಂದು ಗಂಟೆಯಲ್ಲಿ ನಾಲ್ಕು. ಈಗ ಬರೆಯುವಾಗ ಕೈ ಹಿಂದೇಟು ಹಾಕುತ್ತದೆ, ಆಗ ಒಂದಿಷ್ಟೂ ಹಾಕಲಿಲ್ಲ.

ನಾಲ್ಕನೆಯ ದಿನ ಆಯಿ ತಲೆನೋವು ಎಂದರು. ಆ ಹೆಂಗಸು ತಲೆನೋವು ಎಂದದ್ದನ್ನು ನಾನು ಹಿಂದೆ ಕೇಳಿದ್ದಿಲ್ಲ. ನೀರು ಕಡಿಮೆಯಾದರೆ ತಲೆ ನೋಯುತ್ತದೆ ಎಂದು ಮಕ್ಕಳಿಗೆ ನಾನೇ ಹೇಳಿಕೊಡುತ್ತೇನೆ. ಮತ್ತೆ ಅರ್ಧ ತಂಬಿಗೆ ಕುಡಿಸಿದೆ. ಐದನೆಯ ದಿನ ನಡೆಯುವಾಗ ಗೋಡೆ ಹಿಡಿದರು. ಉಪವಾಸದ ನಿಶ್ಶಕ್ತಿ, ಮೈಯಲ್ಲಿ ನೀರಿಲ್ಲ, ಎಂದು ಲೆಕ್ಕ ಹಾಕಿದೆ. ಯಾವ ಲಕ್ಷಣ ಕಂಡರೂ ನನಗೆ ಒಂದೇ ಅರ್ಥ ಹೊಳೆಯುತ್ತಿತ್ತು. ಅಂಜಿಕೆ ಹೊಕ್ಕ ಮನೆಯಲ್ಲಿ ಬುದ್ಧಿಗೆ ಜಾಗ ಎಲ್ಲಿ?

ಆರನೆಯ ಸಂಜೆ ನಾಲ್ಕನೆಯ ತಂಬಿಗೆ ಮುಗಿಯುತ್ತಲೇ ಆಯಿ ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಹೋದರು. ವಾಂತಿ. ಬರೀ ನೀರು. ನಾನು ಬೆನ್ನು ಸವರುತ್ತ ಕಿಟಕಿಯತ್ತ ನೋಡಿದೆ. ಹೊತ್ತು ಮುಳುಗಿತ್ತು. ಕುಡಿದದ್ದೆಲ್ಲ ಹೊರಗೆ ಹೋಯಿತು, ಇನ್ನು ಬೆಳಗಿನವರೆಗೆ ಒಂದು ಹನಿ ಕೊಡುವಂತಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಆಯಿ ಮಾತ್ರ ಎಬ್ಬಿಸಿದರೂ ಏಳದಷ್ಟು ಗಾಢವಾಗಿ ಮಲಗಿದ್ದರು.

ಬೆಳಿಗ್ಗೆ ಅಡುಗೆಮನೆಗೆ ಹೋದಾಗ ಅವರು ನೀರು ಸೋಸುವ ಅರಿವೆ ಹಿಡಿದು ಒಲೆಯ ಮುಂದೆ ನಿಂತಿದ್ದರು. ಐವತ್ತು ವರ್ಷ ದಿನಾ ಮಾಡಿದ ಕೆಲಸ. ಅರಿವೆಯನ್ನು ಯಾವ ಪಾತ್ರೆಯ ಬಾಯಿಗೆ ಕಟ್ಟಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ತಿರುಗಿ ನನ್ನನ್ನು ನೋಡಿ, "ಅಕ್ಕಾ, ಬಸ್ಸ ಬಂತೇನ?" ಎಂದರು.

 ಅವರ ಅಕ್ಕ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮನೆಯವರು ಕಾರು ತರಲು ಪಕ್ಕದ ಮನೆಗೆ ಓಡಿದರು. ನಾನು ಏನು ಮಾಡಿದೆ ಗೊತ್ತೇ? ಗಡಿಯಾರ ನೋಡಿದೆ. ಸೂರ್ಯ ಹುಟ್ಟಿ ಎರಡು ಗಳಿಗೆಗೆ ಇನ್ನೂ ಹತ್ತು ನಿಮಿಷವಿತ್ತು. ಆ ಹತ್ತು ನಿಮಿಷ ತುಂಬಿದ ಗ್ಲಾಸು ಹಿಡಿದು ಕಾದೆ, ನೇಮ ಮುರಿಯಬಾರದಲ್ಲ. ಆಮೇಲೆ ಅವರ ತಲೆ ಎತ್ತಿ ಹಿಡಿದು ಎರಡು ಗ್ಲಾಸು ಕುಡಿಸಿದೆ. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತು ಕಾರು ಮುಂದೆ ಹೋಗದಾದಾಗ ಬಾಟಲಿ ತೆಗೆದು ಮತ್ತೆ ನಾಲ್ಕು ಗುಟುಕು ಕುಡಿಸಿದೆ. ಗಡಿಯಾಚೆಯ ಮಿರಜ್ ಮುಟ್ಟುವಷ್ಟರಲ್ಲಿ ಅವರ ಬೆರಳುಗಳು ಅದುರತೊಡಗಿದ್ದವು.

ದವಾಖಾನೆಯಲ್ಲಿ ರಕ್ತ ತೆಗೆದುಕೊಂಡು ಹೋದರು. ಡಾಕ್ಟರು ನಡುವಯಸ್ಸಿನವರು, ಮರಾಠಿ ಮಾತು, ಗಡಿಬಿಡಿ ಇಲ್ಲದ ಮನುಷ್ಯ. ರಿಪೋರ್ಟ್ ಬಂದ ಮೇಲೆ ನನ್ನನ್ನು ಕರೆದು ಬೇರೆಲ್ಲ ಬಿಟ್ಟು, "ಪಾಣಿ ಕಿತಿ ಪ್ಯಾಯಲ್ಯಾ?" ಎಂದು ಕೇಳಿದರು. ಎಷ್ಟು ನೀರು ಕುಡಿದರು ಎಂದು. ಆ ಪ್ರಶ್ನೆಗೆ ನನ್ನಷ್ಟು ಚೊಕ್ಕ ಉತ್ತರ ಇಡೀ ಜಿಲ್ಲೆಯಲ್ಲಿ ಯಾರ ಹತ್ತಿರವೂ ಇರಲಿಕ್ಕಿಲ್ಲ. ತಂಬಿಗೆ ಎಷ್ಟು ಹಿಡಿಯುತ್ತದೆ, ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಮುಗಿಸುವುದು, ಎಲ್ಲ ಹೇಳಿದೆ. ನಾನು ಇಷ್ಟೆಲ್ಲ ಮಾಡಿದರೂ ನೀರು ಕಡಿಮೆಯಾಯಿತಲ್ಲ ಡಾಕ್ಟರ್ ಎಂದೂ ಸೇರಿಸಿದೆ.

ಅವರು ಪೆನ್ನು ಕೆಳಗಿಟ್ಟರು. ಉಪ್ಪಿನ ಬಗ್ಗೆ ಕೇಳಿದರು, ಬಿಟ್ಟು ಆರು ದಿನ ಎಂದೆ. ಗುಳಿಗೆ ಯಾವುದು ಎಂದರು, ಬಿಪಿಯ ಗುಳಿಗೆಯ ಚೀಟಿ ತೋರಿಸಿದೆ. ಆಮೇಲೆ ನಿಧಾನವಾಗಿ, ಶಾಲೆಯ ಮಗುವಿಗೆ ಹೇಳುವಂತೆ ಹೇಳಿದರು. ಈ ಗುಳಿಗೆಯಿಂದ ಮೈಯ ಉಪ್ಪು ಮೂತ್ರದಲ್ಲಿ ಹೋಗುತ್ತದೆ. ಊಟದಲ್ಲೂ ಉಪ್ಪಿಲ್ಲ. ಅದರ ಮೇಲೆ ಒಂದು ಗಂಟೆಯಲ್ಲಿ ಮೂರು ಲೀಟರ್ ನೀರು ಬಿದ್ದರೆ ಈ ವಯಸ್ಸಿನ ಮೂತ್ರಪಿಂಡ ಅಷ್ಟನ್ನು ಹೊರಗೆ ಹಾಕಲಾರದು. ರಕ್ತದಲ್ಲಿ ಉಳಿದ ಉಪ್ಪೂ ತೆಳುವಾಗಿ, ಮಿದುಳು ಊದುತ್ತದೆ. ಅಲ್ಲಿಂದಲೇ ತಲೆನೋವು, ವಾಂತಿ, ಈ ಮರೆವು. ಇನ್ನೊಂದು ದಿನ ಹೀಗೇ ಕುಡಿಸಿದ್ದರೆ ಫಿಟ್ಸ್ ಬರುತ್ತಿತ್ತು, ಆಮೇಲೆ ತಮ್ಮ ಕೈಯಲ್ಲೂ ಏನೂ ಇರುತ್ತಿರಲಿಲ್ಲ ಎಂದರು.

ಅವರು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ನಮ್ಮ ಮನೆಯವರೂ ಒಂದು ಮಾತು ಅನ್ನಲಿಲ್ಲ. ಎಮ್ಮೆಯ ಮಾತನ್ನು ನೆನಪಿಸಿ ಕುಟುಕುತ್ತಾರೆಂದು ನಾನು ಕಾದೇ ಇದ್ದೆ. ಅವರು ಕ್ಯಾಂಟೀನಿನಿಂದ ಚಹಾ ತಂದು ನನ್ನ ಕೈಗೆ ಕೊಟ್ಟು, ಕಾರಿಡಾರಿನ ಕೊನೆಗೆ ಹೋಗಿ ನಿಂತರು. 

ಸಲೈನ್ ಏರಿಸಿದರು. ಬೇಗ ಏರಿಸಿದರೂ ಮಿದುಳಿಗೆ ಅಪಾಯ, ಹನಿ ಹನಿಯಾಗಿಯೇ ಹೋಗಬೇಕು, ನಡುವೆ ನಿಲ್ಲಿಸುವಂತಿಲ್ಲ ಎಂದರು. ಸಂಜೆ ಆರು ಗಂಟೆಯಾದಾಗ ನನಗೆ ಮತ್ತೊಂದು ದಿಗಿಲು ಹತ್ತಿತು. ಹೊತ್ತು ಮುಳುಗಿದ ಮೇಲೂ ಇದು ಒಳಗೆ ಹೋಗುತ್ತದಲ್ಲ, ಆಯಿಯ ನೇಮ ಏನಾಗಬೇಕು? ನಾಚಿಕೆ ಬಿಟ್ಟು ಹೋಗಿ ಡಾಕ್ಟರನ್ನು ಕೇಳಿದೆ, ಆರೂವರೆಗೆ ನಿಲ್ಲಿಸಿ ಬೆಳಿಗ್ಗೆ ಮತ್ತೆ ಹಚ್ಚಲು ಬರುತ್ತದೆಯೇ ಎಂದು. ಅವರು ನನ್ನನ್ನು ಒಂದು ಕ್ಷಣ ನೋಡಿ, ಆಗುವುದಿಲ್ಲ ತಾಯಿ ಎಂದರು. ತಿರುಗಿ ಬಂದು ಕಿಟಕಿಯ ಪರದೆ ಎಳೆದೆ. ಆಯಿಗೆ ಹೊರಗೆ ಕತ್ತಲಾದದ್ದು ಕಾಣದಿದ್ದರೆ ಸಾಕು ಎಂದು. ಅವರಿಗೆ ಹಗಲೂ ಗೊತ್ತಿರಲಿಲ್ಲ, ರಾತ್ರಿಯೂ ಗೊತ್ತಿರಲಿಲ್ಲ. ನಾನು ಮಾತ್ರ ಆ ಪೈಪಿನ ಒಂದೊಂದು ಹನಿಯನ್ನೂ ನೋಡುತ್ತ ಕೂತೆ. ಇಷ್ಟು ದಿನ ಅವರ ಜೀವ ಕಾಯುತ್ತೇನೆಂದು ಹೊರಟವಳು ಅವರ ಜೀವಕ್ಕೂ ನೇಮಕ್ಕೂ ಒಟ್ಟಿಗೇ ಎರವಾದೆನಲ್ಲ ಎಂದು ಅಳು ಬಂತು.

ಎರಡನೆಯ ದಿನ ಆಯಿ ಮಗನ ಗುರುತು ಹಿಡಿದರು. ಮೂರನೆಯ ದಿನ ಬೆಳಿಗ್ಗೆ ಕಣ್ಣು ತಿಳಿಯಾಗಿತ್ತು. ಎದ್ದು ದಿಂಬಿಗೆ ಒರಗಿ, ಶೆಡ್ಡಿನಲ್ಲಿ ದ್ರಾಕ್ಷಿ ಯಾರು ತಿರುವುತ್ತಿದ್ದಾರೆ ಎಂದು ಕೇಳಿದಾಗ ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಡಾಕ್ಟರು ಬಂದು ನೋಡಿ ಸಮಾಧಾನಪಟ್ಟರು. ಗುಳಿಗೆ ಬದಲಾಯಿತು, ಊಟಕ್ಕೆ ಉಪ್ಪು ಬಂತು. ನೀರಿಗೆ ಮಾತ್ರ ಕಟ್ಟು: ಸದ್ಯ ಇಡೀ ದಿನಕ್ಕೆ ಒಂದು ಲೀಟರ್, ಚಹಾ, ಹಾಲು, ಸಾರು ಎಲ್ಲ ಅದರಲ್ಲೇ ಸೇರಿ. ಅಳತೆಯ ಬಾಟಲಿಯೊಂದನ್ನು ತಂದು ನನ್ನ ಕೈಗೇ ಕೊಟ್ಟರು. ಬೇರೆ ಯಾರ ಕೈಗಾದರೂ ಕೊಡಿ ಎನ್ನುವ ಮಾತು ಬಾಯಿಗೆ ಬಂದಿತ್ತು.

ಅದೇ ಮಧ್ಯಾಹ್ನ ಆಯಿ ನೀರು ಕೇಳಿದರು. ತಾವಾಗಿಯೇ ಕೇಳಿದರು. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ನನಗೆ ನೀರು ಕೊಡು ಅಂದದ್ದು ನನಗೆ ನೆನಪಿಲ್ಲ. ಹೊರಗೆ ರಣಬಿಸಿಲು, ಸೂರ್ಯ ನೆತ್ತಿಯ ಮೇಲೆ, ನೇಮದ ಅಡ್ಡಿಯೂ ಇಲ್ಲ. ಬಾಟಲಿ ನೋಡಿದೆ. ಸಂಜೆಯ ಪಾಲು ತೆಗೆದಿಟ್ಟರೆ ಉಳಿದದ್ದು ಎರಡು ಗುಟುಕು.

ಸ್ವಲ್ಪ ತಡೆಯಿರಿ ಎಂದು ಹೇಳಲು ಹೋದವಳ ಬಾಯಿಂದ ಬೇರೆಯದೇ ಹೊರಬಿತ್ತು. "ಆಯಿ, ಇದೆಲ್ಲಾ ನನ್ನಿಂದ ಆತ್ರಿ," ಎಂದೆ. "ನಾನ ಕುಡಿಸಿ ಕುಡಿಸಿ ನಿಮ್ಮನ್ನ ಇಲ್ಲಿ ತಂದ ಹಾಕೀನಿ."

ಅವರಿಗೆ ಆಶ್ಚರ್ಯವಾಗಲಿಲ್ಲ. ಸಲೈನಿನ ಸೂಜಿ ಚುಚ್ಚಿದ್ದ ಕೈಯನ್ನು ಹಾಸಿಗೆಯ ಮೇಲೆ ಸರಿಯಾಗಿ ಇಟ್ಟುಕೊಂಡರು.

"ಗೊತ್ತೈತಿ," ಎಂದರು. "ಎರಡನೇ ತಂಬಿಗಿಗೇ ನನಗ ಹೊಟ್ಟಿ ತೊಳಸತಿತ್ತ."

"ಮತ್ಯಾಕ ಕುಡದ್ರಿ? ಒಲ್ಲೆ ಅನ್ನಬೇಕಿತ್ತಿಲ್ಲರಿ."

 "ನೀ ಸಾಲಿಯಿಂದ ಬರೂಮುಂದ ನಿನ್ನ ಮಾರಿ ನೋಡತಿದ್ನೆವಾ," ಎಂದರು. "ಅಂಜಿ ಬೆಳ್ಳಗಾಗಿರತಿತ್ತ. ಒಂದ ತಂಬಿಗಿ ಕುಡದ್ರ ಜರಾ ಕಳಾ ಬರತಿತ್ತ. ಅದಕ್ಕ ಇನ್ನೊಂದ ಕುಡೀತಿದ್ನಿ. ನನಗೇನ ನೀರಡಿಕಿ ಇರಲಿಲ್ಲ."

ಆ ಸಂಜೆಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎದುರಿಗೆ ಕೂತು ನಾನು ಅವರ ಗಂಟಲು ನೋಡುತ್ತಿದ್ದೆ, ತಂಬಿಗೆಯ ಅಂಚಿನ ಮೇಲಿಂದ ಅವರು ನನ್ನನ್ನು ನೋಡುತ್ತಿದ್ದರು. ಒಂದು ದಿನವೂ ನಾನು ಅವರ ಕಣ್ಣು ನೋಡಿರಲಿಲ್ಲ. ತಲೆ ತಗ್ಗಿಸಿ ಬಾಟಲಿಯ ಎರಡು ಗುಟುಕನ್ನು ಲೋಟಕ್ಕೆ ಸುರಿದು ಕೊಟ್ಟೆ. ಅವರು ನಾಲಿಗೆಯ ಮೇಲೆ ಇಟ್ಟುಕೊಂಡು ತಡೆದು ತಡೆದು ಕುಡಿದರು. ನಿಜವಾದ ನೀರಡಿಕೆ ಅದು. ಇನ್ನಷ್ಟು ಕೇಳುತ್ತಾರೆ, ಕೇಳಿದರೆ ಇಲ್ಲವೆನ್ನಬೇಕು, ಇಲ್ಲವೆಂದರೆ ಅವರಿಗೆ ಏನಾಗುತ್ತದೋ ಎಂದು ನನ್ನ ಜೀವ ಮತ್ತೆ ಹಾರತೊಡಗಿತ್ತು.

ಆಯಿ ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡಿದರು. "ಸಾಕ ನನಗ," ಎಂದರು. "ನೀ ಮತ್ತ ಅಂಜಬ್ಯಾಡ. ನೀ ಅಂಜಿದಿ ಅಂದ್ರ ನಾ ಏನರ ಮಾಡಬೇಕಾಗತೈತಿ."

ಅವರ ತುಟಿ ಇನ್ನೂ ಒಣಗಿಯೇ ಇತ್ತು. ಅದು ನನಗೆ ಕಂಡಿತೆಂದು ಅವರಿಗೆ ಗೊತ್ತಾಗಬಾರದಿತ್ತು. ಅವರ ಎದುರು ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ತಿಳಿಯದೆ, ಲೋಟ ತೊಳೆದು ತರುತ್ತೇನೆಂದು ಹೇಳಿ ಹೊರಗೆ ಬಂದೆ.